ನೇರಳೆ ಬಣ್ಣದ ಹದಿನಾಲ್ಕು

ಹಾಲ್‌ಸ್ಟೈನ್ ಬ್ರೂಸೆಟ್‌ನನ್ನು ಮಣ್ಣಿಗಿಟ್ಟ ದಿನ ಪಾದ್ರಿ ಅವನನ್ನು ಬಾಯಿ ತುಂಬ ಹೊಗಳಿದ. ನೇರ ಮನುಷ್ಯ, ಸುಳ್ಳು ಅಂದರೆ ಆಗದವನು, ನಲವತ್ತೈದು ವರ್ಷ ಉಳಿ ಹಿಡಿದ ಕೈ ಅಂತೆಲ್ಲ ಹೇಳಿದ. ಬೆಂಚಿನಲ್ಲಿ ಕೂತಿದ್ದ ಬಡಗಿಗಳು ತಮ್ಮ ತಮ್ಮ ಬೂಟು ನೋಡಿಕೊಂಡರು. ಅವನ ಸೋದರಳಿಯ ಆಸ್ಮುಂಡ್ ಬಂದೇ ಇರಲಿಲ್ಲ. ಆಮೇಲೆ ಕಾಫಿ ಕುಡಿಯುವಾಗ ಒಬ್ಬ ನನ್ನ ಪಕ್ಕಕ್ಕೆ ಬಂದು, ಸತ್ತವನು ತಂಗಿ ಮಗನನ್ನೇ ಹಿಡಿದುಕೊಟ್ಟವನು ಅಂತ ಪಿಸುಗುಟ್ಟಿದ. ಪಾದ್ರಿಯ ಮಾತೂ ಸುಳ್ಳು, ಈ ಪಿಸುಮಾತೂ ಅರ್ಧ ಸುಳ್ಳು. ನನಗೆ ಮೈಯೆಲ್ಲ ಉರಿಯಿತು. ನಾನು ಯೋರುನ್, ಕ್ರೇನ್ ಓಡಿಸುವವಳು. ಇಪ್ಪತ್ತೆರಡು ವರ್ಷ ಅವನಿದ್ದ ಕಡೆಯೆಲ್ಲ ಮರ, ಕಬ್ಬಿಣ, ಗೋಡೆ ಇಳಿಸಿಕೊಟ್ಟಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ಆಮೇಲೆ ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಮೊದಲು ಅವನ ಪೆನ್ಸಿಲ್ಲಿನ ವಿಷಯ ಹೇಳಬೇಕು. ಈಗಿನ ಬಡಗಿಗಳು ಹಿಡಿಯುವ ಚಪ್ಪಟೆ ಪೆನ್ಸಿಲ್ ಅವನಿಗೆ ಆಗುತ್ತಿರಲಿಲ್ಲ. ಅವನದು ಹಳೇ ಕಾಲದ ಕಾಪಿ ಪೆನ್ಸಿಲ್. ಒಣಗಿದ ಮರದ ಮೇಲೆ ಬರೆದರೆ ಬೂದು ಬಣ್ಣ. ನೀರು ಸೋಕಿತೋ, ಅಕ್ಷರ ನೇರಳೆಗೆ ತಿರುಗಿ ಮರದೊಳಕ್ಕೆ ಇಳಿದುಬಿಡುತ್ತದೆ. ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಎಲ್ಲೋ ಬಾಗಿಲು ಮುಚ್ಚುತ್ತಿದ್ದ ಅಂಗಡಿಯಿಂದ ಒಂದು ಡಬ್ಬ ತುಂಬ ತಂದಿಟ್ಟುಕೊಂಡಿದ್ದ. ದಪ್ಪ ಗೆರೆ ಬೇಕಾದಾಗ ನಾಲಿಗೆಗೆ ಮುಟ್ಟಿಸಿ ಬರೆಯುವ ಚಟ. ಹಾಗಾಗಿ ಅವನ ಕೆಳದುಟಿಯ ನಡುವೆ ಸದಾ ಒಂದು ನೇರಳೆ ಚುಕ್ಕೆ ಇರುತ್ತಿತ್ತು. ವಿಷ ಕಣೋ ಅದು, ಒಂದು ದಿನ ಸಾಯ್ತೀಯ ಅಂತ ನಾನು ರೇಗಿಸುತ್ತಿದ್ದೆ. ನಿನ್ನ ಕಾಫಿಗಿಂತ ವಾಸಿ ಅನ್ನುತ್ತಿದ್ದ.

ಆ ಪೆನ್ಸಿಲ್ಲಿನಲ್ಲಿ ಅವನು ಬರೆಯುತ್ತಿದ್ದುದು ಅಳತೆ ಮಾತ್ರ ಅಲ್ಲ. ನಮ್ಮ ಕಡೆ ಬಡಗಿಗಳು ಗೋಡೆ ಮುಚ್ಚುವ ಮುಂಚೆ ಒಳಗಿನ ಹಲಗೆಯ ಮೇಲೆ ಹೆಸರು, ತಾರೀಕು, ಅವತ್ತಿನ ಹವೆ ಬರೆದು ಮುಚ್ಚುತ್ತಾರೆ. ಯಾರಿಗೂ ಕಾಣುವುದಿಲ್ಲ. ನೂರು ವರ್ಷದ ಮೇಲೆ ಮನೆ ಬಿಚ್ಚಿದಾಗ ಇನ್ನೊಬ್ಬ ಬಡಗಿಗೆ ಸಿಗುತ್ತದೆ. ಒಂದು ಹಳೇ ಶಾಲೆ ಬಿಚ್ಚುವಾಗ ಹಾಲ್‌ಸ್ಟೈನ್‌ಗೆ ಅವನ ಅಜ್ಜನ ಅಕ್ಷರವೇ ಸಿಕ್ಕಿತ್ತು: "ಮಾರ್ಚ್ 1911. ಹಿಮ. ಹಲ್ಲುನೋವು. ಮೇಸ್ತ್ರಿ ಕತ್ತೆ." ಆ ಹಲಗೆಯನ್ನು ಮನೆಗೆ ತಂದು ಅಡುಗೆಮನೆಯಲ್ಲಿ ನೇತುಹಾಕಿದ್ದ. ಅವರ ಮನೆತನದಲ್ಲಿ ಇದಕ್ಕೆ ಎರಡೇ ಕಟ್ಟಳೆ. ಒಂದು, ಹಲಗೆಯ ನಡುಮಧ್ಯೆ ಬರೆಯಬೇಕು, ಅಂಚಿನಲ್ಲಿ ಬರೆದರೆ ಯಾರಾದರೂ ಕತ್ತರಿಸಿ ಎಸೆಯುತ್ತಾರೆ. ಇನ್ನೊಂದು, ಇದ್ದದ್ದನ್ನೇ ಬರೆಯಬೇಕು. ಕಾಗದದ ಮೇಲೆ ಸಾವಿರ ಸುಳ್ಳು ಬರೀಬಹುದು, ಮರಕ್ಕೆ ಯಾಕೆ ಸುಳ್ಳು ಹೇಳಬೇಕು ಅಂತ ಅವನು ಕೇಳುತ್ತಿದ್ದ.

ಹೀಗಿದ್ದವನ ಮುಂದೆ ಆ ಪೆಟ್ಟಿಗೆಗಳು ಬಂದವು.

ನಮ್ಮ ಟ್ರಾಂಡ್‌ಹೈಮ್ ಊರಿನ ಗುಡ್ಡದ ಮೇಲೆ ವಿದ್ಯಾರ್ಥಿಗಳಿಗೆ ಐದು ಮಹಡಿಯ ಹಾಸ್ಟೆಲ್ ಕಟ್ಟಬೇಕಿತ್ತು. ಕಟ್ಟುವುದು ಅಂತ ಬಾಯಿಮಾತಿಗೆ ಹೇಳಬೇಕು ಅಷ್ಟೆ. ಕೋಣೆಗಳೆಲ್ಲ ಸಮುದ್ರದಾಚೆಯ ಕಾರ್ಖಾನೆಯಲ್ಲೇ ತಯಾರಾಗಿ, ಮಂಚ, ಮೇಜು, ಬಚ್ಚಲು, ಕನ್ನಡಿಯ ಸಮೇತ ಪ್ಲಾಸ್ಟಿಕ್ ಸುತ್ತಿಕೊಂಡು ಹಡಗಿನಲ್ಲಿ ಬರುತ್ತಿದ್ದವು. ಬಂದರಿನಿಂದ ಲಾರಿಯಲ್ಲಿ ನಮ್ಮ ಹತ್ತಿರ. ಕಾಗದಪತ್ರದಲ್ಲಿ ಅವಕ್ಕೆ ಮಾಡ್ಯೂಲ್ ಅಂತ ಹೆಸರು, ನಾವು ಪೆಟ್ಟಿಗೆ ಅನ್ನುತ್ತಿದ್ದೆವು. ನಾನು ಒಂದೊಂದನ್ನೇ ಎತ್ತಿ ಒಂದರ ಮೇಲೊಂದು ಕೂರಿಸಬೇಕು, ಕೆಳಗಿನವರು ಅಂಚಿಗೆ ರಬ್ಬರ್ ಪಟ್ಟಿ ಹಾಸಿ ಬೋಲ್ಟ್ ಬಿಗಿಯಬೇಕು. ದಿನಕ್ಕೆ ಎಂಟು ಕೋಣೆ ಮೇಲೇಳುತ್ತಿದ್ದವು.

ಹಾಲ್‌ಸ್ಟೈನ್ ಮೊದಲ ವಾರವೆಲ್ಲ ಮುಖ ಗಂಟಿಕ್ಕಿಕೊಂಡಿದ್ದ. ಬಡಗಿಯನ್ನು ಕರೆದು ಮೂಟೆ ಜೋಡಿಸೋ ಹಮಾಲಿ ಮಾಡಿದ್ದಾರೆ ಅಂತ ಗೊಣಗಿದ. ಅವನಿಗೆ ಅಲ್ಲಿ ಬರೆಯಲಿಕ್ಕೆ ಜಾಗವೇ ಇರಲಿಲ್ಲ, ಎಲ್ಲ ಗೋಡೆಗಳೂ ಮುಚ್ಚಿಕೊಂಡೇ ಬರುತ್ತಿದ್ದವಲ್ಲ. ಎರಡನೇ ವಾರ ಒಂದು ಉಪಾಯ ಹುಡುಕಿದ. ಪೆಟ್ಟಿಗೆಯ ನೆತ್ತಿಯ ಮೇಲೆ ಬರೀ ಮರ, ಅದರ ಮೇಲೆ ಇನ್ನೊಂದು ಪೆಟ್ಟಿಗೆ ಕೂತರೆ ನಾಲ್ಕು ಬೆರಳಿನಷ್ಟು ಸಂದಿ ಉಳಿಯುತ್ತದೆ. ಮೇಲಿನದು ಇಳಿಯುವ ಮುಂಚೆ ಕೆಳಗಿನದರ ನೆತ್ತಿಯ ನಡುಮಧ್ಯೆ ಮೊಣಕಾಲೂರಿ ಹೆಸರು, ತಾರೀಕು, ಹವೆ, ಮರದ ತೇವ ಎಷ್ಟು ಅನ್ನುವುದನ್ನು ಬರೆಯಲು ಶುರುಮಾಡಿದ. ನಾನು ಮುಂದಿನ ಪೆಟ್ಟಿಗೆಯನ್ನು ಕೊಕ್ಕೆಯಲ್ಲಿ ಪಕ್ಕಕ್ಕೆ ಹಿಡಿದುಕೊಂಡು ಕಾಯಬೇಕಿತ್ತು. ಅರ್ಧ ನಿಮಿಷದ ಕೆಲಸ, ಯಾರಿಗೂ ಅಡ್ಡಿಯಿರಲಿಲ್ಲ.

ತೇವದ ಲೆಕ್ಕ ನೋಡುವುದೂ ಅವನದೇ ಕೆಲಸವಾಗಿತ್ತು. ಎರಡು ಮೊಳೆಯಿರುವ ಅಂಗೈಯಗಲದ ಯಂತ್ರವನ್ನು ಮರಕ್ಕೆ ಚುಚ್ಚಿದರೆ ನೂರಕ್ಕೆ ಇಷ್ಟು ಅಂತ ತೋರಿಸುತ್ತದೆ. ಹದಿನಾರರೊಳಗೆ ಇದ್ದರೆ ಮುಚ್ಚಬಹುದು. ಜಾಸ್ತಿ ಇದ್ದರೆ ಮುಚ್ಚಕೂಡದು. ಒದ್ದೆ ಮರ ಮುಚ್ಚಿದರೆ ಒಳಗೇ ಬೂಷ್ಟು ಬರುತ್ತದೆ, ಮೇಲೆ ಮೂರು ಕೋಣೆ ಕೂತ ಮೇಲೆ ಯಾರಪ್ಪನೂ ಅದನ್ನು ತೆಗೆಯಲಾರ. ಪ್ರತಿ ಪೆಟ್ಟಿಗೆಗೂ ಹಾಲ್‌ಸ್ಟೈನ್ ಸಹಿ ಹಾಕಬೇಕು, ಅವನು ರಜೆಯಿದ್ದ ದಿನ ಮೇಸ್ತ್ರಿ ಹಾಕಬೇಕು, ಸಹಿ ಇಲ್ಲದೆ ನಾನು ಎತ್ತುವ ಹಾಗಿಲ್ಲ.

ಆ ಜುಲೈನಲ್ಲಿ ಮಳೆ ಬಿಡಲೇ ಇಲ್ಲ. 209ನೇ ಪೆಟ್ಟಿಗೆ, ಅಂದರೆ ಎರಡನೇ ಮಹಡಿಯ ಒಂಬತ್ತನೆಯದು, ಬಂದಾಗ ಅದರ ಪ್ಲಾಸ್ಟಿಕ್ ಹರಿದಿತ್ತು. ಹಡಗಿನಲ್ಲೇ ಹರಿದಿರಬೇಕು. ನೆತ್ತಿಯ ಮೇಲೆ ನೀರು ಮಡುಗಟ್ಟಿ ನಿಂತಿತ್ತು. ಹಾಲ್‌ಸ್ಟೈನ್ ಯಂತ್ರ ಚುಚ್ಚಿದ, ಇಪ್ಪತ್ತಾರು ತೋರಿಸಿತು. ಪೆಟ್ಟಿಗೆಯನ್ನು ಚಪ್ಪರದ ಕೆಳಗೆ ಇಡಿಸಿ ಬಿಸಿಗಾಳಿಯ ಯಂತ್ರ ಹಚ್ಚಿಸಿದ. ಒಂದು ದಿನ, ಎರಡು ದಿನ, ನಾಲ್ಕು ದಿನ ಕಳೆಯಿತು. ಅದರ ಮೇಲೆ ಬರಬೇಕಾದ ಮೂರು ಪೆಟ್ಟಿಗೆಗಳು ಬಂದರಿನಲ್ಲಿ ಮಳೆಗೆ ಮೈಯೊಡ್ಡಿ ನಿಂತಿದ್ದವು. ಆಗಸ್ಟ್ ಹದಿನೈದಕ್ಕೆ ವಿದ್ಯಾರ್ಥಿಗಳು ಬರುವವರಿದ್ದರು.

ನಮ್ಮ ಮೇಸ್ತ್ರಿ ಯಾರು ಅಂತ ಹೇಳಲಿಲ್ಲ ನೋಡಿ. ಇದೇ ಆಸ್ಮುಂಡ್. ಹಾಲ್‌ಸ್ಟೈನ್‌ನ ತಂಗಿ ತೀರಿಕೊಂಡಾಗ ಇವನಿಗೆ ಹತ್ತು ವರ್ಷ. ಹಾಲ್‌ಸ್ಟೈನ್‌ಗೆ ಮಕ್ಕಳಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಅವನೇ ಸಾಕಿದ, ಅವನೇ ಕೆಲಸ ಕಲಿಸಿದ. ಅಳಿಯ ಮೇಸ್ತ್ರಿಯಾದ ದಿನ ಇಡೀ ಗುಂಪಿಗೆ ಕೇಕ್ ತಂದು ಹಂಚಿದ. ಅವನು ಕೇಕ್ ತಂದದ್ದು ನಾನು ನೋಡಿದ್ದು ಅದೊಂದೇ ಸಲ.

ಐದನೇ ದಿನ ಬೆಳಿಗ್ಗೆ ಆಸ್ಮುಂಡ್ ಚಪ್ಪರದ ಕೆಳಗೆ ಬಂದ. ನಾನು ಅಲ್ಲೇ ಪಕ್ಕದಲ್ಲಿ ಬ್ರೆಡ್ಡು ತಿನ್ನುತ್ತಿದ್ದೆ. ಹಾಲ್‌ಸ್ಟೈನ್ ಏಣಿ ಹತ್ತಿ ನೆತ್ತಿಯ ಮಧ್ಯಕ್ಕೆ ಮೊಳೆ ಚುಚ್ಚಿ ಇಪ್ಪತ್ತೆರಡು ಅಂದ. ಆಸ್ಮುಂಡ್ ಇನ್ನೊಂದು ಏಣಿ ಹತ್ತಿ ಅಂಚನ್ನು ಮುಟ್ಟಿ ನೋಡಿದ. ಬಿಸಿಗಾಳಿ ನೇರವಾಗಿ ಬೀಳುತ್ತಿದ್ದುದು ಆ ಅಂಚಿಗೆ.

"ಮಾವ, ಇಲ್ಲಿ ಚುಚ್ಚು," ಅಂದ.

"ಅಲ್ಲಿ ಒಣಗಿರುತ್ತೆ. ಅದು ಲೆಕ್ಕಕ್ಕಿಲ್ಲ."

"ಎಲ್ಲಿ ಚುಚ್ಚಬೇಕು ಅಂತ ಕಾಗದದಲ್ಲಿ ಬರೆದಿಲ್ಲ. ಇವತ್ತು ಇದು ಮೇಲೆ ಹೋಗದಿದ್ರೆ ನಾಳೆ ನನ್ನ ಜಾಗದಲ್ಲಿ ಬೇರೆಯವನು ನಿಂತಿರ್ತಾನೆ. ಬಾಯಿ ಬಿಟ್ಟು ಹೇಳಿದ್ದಾರೆ ನಂಗೆ. ನಿನ್ನ ಕೈಲೇ ಬೆಳೆದವನು ನಾನು, ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?"

ಹಾಲ್‌ಸ್ಟೈನ್ ಇಳಿದು, ಏಣಿಯನ್ನು ಅಂಚಿನ ಕಡೆ ಸರಿಸಿ ಮತ್ತೆ ಹತ್ತಿದ. ಆಮೇಲೆ ಅಂಚಿಗೆ ಚುಚ್ಚಿದ. ಹದಿನಾಲ್ಕು ತೋರಿಸಿತು. ಕೆಳಗಿಳಿದು ಬಂದು ಸಹಿ ಹಾಕಿದ. ನಾನು ಬ್ರೆಡ್ಡು ತಿನ್ನುತ್ತಲೇ ಇದ್ದೆ, ಅದನ್ನೂ ಹೇಳಿಬಿಡಬೇಕು. ಅವರ ಮನೆಯ ವಿಷಯ, ನನಗ್ಯಾಕೆ ಅಂದುಕೊಂಡೆ.

ಮಧ್ಯಾಹ್ನ ಮಳೆ ಒಂದಿಷ್ಟು ಹೊತ್ತು ನಿಂತಾಗ 209ನ್ನು ಜಾಗಕ್ಕೆ ಕೂರಿಸಿದೆ. 309ನ್ನು ಎತ್ತಿ ಪಕ್ಕಕ್ಕೆ ಹಿಡಿದುಕೊಂಡೆ. ಹಾಲ್‌ಸ್ಟೈನ್ ಎಂದಿನ ಹಾಗೆ ನೆತ್ತಿಯ ನಡುಮಧ್ಯೆ ಮೊಣಕಾಲೂರಿದ. ಅರ್ಧ ನಿಮಿಷ ಆಯಿತು, ಒಂದು ನಿಮಿಷ ಆಯಿತು, ಮನುಷ್ಯ ಏಳಲಿಲ್ಲ. ಬೆನ್ನು ನನ್ನ ಕಡೆಗಿತ್ತು, ಮೊಣಕೈ ಮಾತ್ರ ಅಲ್ಲಾಡುತ್ತಿತ್ತು. ಗಾಳಿಗೆ ಪೆಟ್ಟಿಗೆ ತೂಗಲು ಶುರುವಾಗಿ ನನಗೆ ತಲೆಕೆಟ್ಟಿತು. ವಾಕಿಟಾಕಿಯಲ್ಲಿ ಕೂಗಿದೆ: "ಏನೋ ಅದು, ಪ್ರೇಮಪತ್ರ ಬರೀತಿದೀಯಾ? ಎಂಟು ಟನ್ ಹಿಡ್ಕೊಂಡು ನಿಂತಿದೀನಿ ಇಲ್ಲಿ."

ಅವನ ಮೊಣಕೈ ಅಲ್ಲಾಡುತ್ತಲೇ ಇತ್ತು. ನಾಲ್ಕು ನಿಮಿಷ ಆದ ಮೇಲೆ ಎದ್ದು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಇಳಿಸು ಅಂತ ಕೈ ಮಾಡಿದ. ನಾನು ಇಳಿಸಿದೆ.

ಹಾಸ್ಟೆಲ್ ಹೇಳಿದ ದಿನಕ್ಕೆ ತುಂಬಿತು. ಆ ಚಳಿಗಾಲದಲ್ಲೇ ಹಾಲ್‌ಸ್ಟೈನ್ ಬಡಗಿ ಕೆಲಸ ಬಿಟ್ಟ. ಬಿಟ್ಟು ಮನೆಯಲ್ಲಿ ಕೂತನಾ ಅಂದರೆ ಇಲ್ಲ. ಅದೇ ಹಾಸ್ಟೆಲ್ಲಿಗೆ ಹೋಗಿ, ವಾರಕ್ಕೆ ಎರಡು ದಿನ ಉಸ್ತುವಾರಿ ಕೆಲಸ ಕೊಡಿ ಅಂತ ತಾನಾಗಿ ಕೇಳಿಕೊಂಡ. ಬಲ್ಬ್ ಬದಲಾಯಿಸುವುದು, ಬೀಗ ರಿಪೇರಿ, ಹಿಮ ಗೋರುವುದು. ನಮಗೆಲ್ಲ ಆಶ್ಚರ್ಯವಾಯಿತು. ಆ ಪೆಟ್ಟಿಗೆಗಳನ್ನು ಕಂಡರಾಗದವನು ಅಲ್ಲೇ ಹೋಗಿ ಸೇರಿಕೊಂಡನಲ್ಲ ಅಂತ ನಗಾಡಿದೆವು. ಯಾಕೆ ಹೋದ ಅಂತ ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

209ರಲ್ಲಿ ಸುನ್ನಿವಾ ಅಂತ ಒಬ್ಬ ಹುಡುಗಿ ಇದ್ದಳು. ಉತ್ತರದ ದ್ವೀಪದವಳು, ಅಪ್ಪನಿಗೆ ಮೀನಿನ ದೋಣಿ. ಇಲ್ಲಿ ಮೀನುಗಳ ರೋಗದ ವಿಷಯ ಓದುತ್ತಿದ್ದಳು. ಟ್ರಂಪೆಟ್ ಊದುವುದರಲ್ಲಿ ಎತ್ತಿದ ಕೈ. ಮೊದಲ ವರ್ಷ ಮೇ ಹದಿನೇಳರ ನಾಡಹಬ್ಬದ ಮೆರವಣಿಗೆಯಲ್ಲಿ ಬ್ಯಾಂಡಿನ ಮುಂದಿನ ಸಾಲಿನಲ್ಲಿ ನಡೆದಿದ್ದಳು. ಎರಡನೇ ಚಳಿಗಾಲದ ಹೊತ್ತಿಗೆ ಕೆಮ್ಮು ಅಂಟಿಕೊಂಡಿತ್ತು. ಕೋಣೆಯಲ್ಲಿ ವಾಸನೆ, ಮೇಲ್ಚಾವಣಿಯ ಮೂಲೆಯಲ್ಲಿ ಕಪ್ಪು ಕಲೆ. ದೂರು ಕೊಟ್ಟಳು. ಕಿಟಕಿ ತೆರೆದಿಡಿ, ಕೋಣೆಯಲ್ಲಿ ಬಟ್ಟೆ ಒಣಗಿಸಬೇಡಿ, ಅಡುಗೆ ಮಾಡುವಾಗ ಮುಚ್ಚಳ ಮುಚ್ಚಿ ಅಂತ ಹಾಸ್ಟೆಲ್ ಕಚೇರಿಯಿಂದ ಕಾಗದ ಬಂತು. ಕಲೆಗೆ ಬಣ್ಣ ಹೊಡೆಯಲು ಹಾಲ್‌ಸ್ಟೈನ್‌ನನ್ನು ಕಳಿಸಿದರು.

ಅವನು ಬಣ್ಣ ಹೊಡೆದ. ತಿಂಗಳಲ್ಲಿ ಕಲೆ ಮತ್ತೆ ಬಂತು, ಮತ್ತೆ ಹೊಡೆದ. ತೇವ ಹೀರುವ ಯಂತ್ರವೊಂದನ್ನು ಸ್ವಂತ ಮನೆಯಿಂದ ತಂದಿಟ್ಟ. ಗುರುವಾರ ಗುರುವಾರ ಹೋಗಿ ಅದರ ಬಕೆಟ್ಟಿನಲ್ಲಿ ತುಂಬಿದ ನೀರನ್ನು ಬಚ್ಚಲಿಗೆ ಸುರಿದು ಬರುತ್ತಿದ್ದ. ಪಾಪದ ಹುಡುಗಿ, ಇವನು ತನಗಾಗಿ ಎಷ್ಟು ಕಷ್ಟಪಡುತ್ತಾನೆ ಅಂತ ಗುರುವಾರ ವಾಫಲ್ ಹೊಯ್ದು, ಕಂದು ಚೀಸು ಹಚ್ಚಿ ಕೊಡುತ್ತಿದ್ದಳು. ಇವನು ಕೂತು ತಿನ್ನುತ್ತಿದ್ದ. ಒಂದು ದಿನ ಅವಳು ಕಚೇರಿಯ ಕಾಗದ ತೋರಿಸಿ, ಎಲ್ಲಾ ನನ್ನ ತಪ್ಪು ಅಂತಾರೆ, ನಾನು ಬಟ್ಟೆ ಒಣಗಿಸೋದು ಕೆಳಗಿನ ಕೋಣೆಯಲ್ಲಿ, ನೀನೇ ನೋಡಿದೀಯಲ್ಲ, ಒಂದು ಮಾತು ಹೇಳು ಅವರಿಗೆ ಅಂತ ಕೇಳಿದಳಂತೆ. ನೋಡೋಣ ಅಂದನಂತೆ ಇವನು.

ಈಸ್ಟರ್ ಮುಗಿದ ವಾರ ಅವಳು ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ಉಸಿರು ಸಿಗುತ್ತಿರಲಿಲ್ಲ, ತುಟಿ ನೀಲಿಯಾಗಿತ್ತು. ಬೂಷ್ಟು ಶ್ವಾಸಕೋಶಕ್ಕೆ ಹೋಗಿ ಗಾಯವಾಗಿ ಕಲೆಗಟ್ಟಿದೆ, ಆ ಭಾಗ ಇನ್ನು ಸರಿಹೋಗುವುದಿಲ್ಲ ಅಂತ ಡಾಕ್ಟರು ಹೇಳಿದರು. ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದ. ಹಾಸ್ಟೆಲ್ಲಿನವರು ತನಿಖೆ ಮಾಡಿಸಿದರು. ಕಡತ ತೆಗೆದರು, ಹದಿನಾಲ್ಕು ಅಂತ ಇತ್ತು, ಕೆಳಗೆ ಹಾಲ್‌ಸ್ಟೈನ್ ಬ್ರೂಸೆಟ್‌ನ ಸಹಿ. ಅವನನ್ನು ಕರೆಸಿ ಕೇಳಿದರು. ಸಹಿ ನನ್ನದೇ ಅಂದ. ಅದು ಸುಳ್ಳಲ್ಲ ನೋಡಿ. ಮರ ಒಣಗಿತ್ತು, ಕೋಣೆಯಲ್ಲಿದ್ದವಳ ಅಭ್ಯಾಸದಿಂದ ತೇವ ಬಂದಿದೆ ಅಂತ ಷರಾ ಬರೆದರು. ಆಸ್ಪತ್ರೆಯಿಂದ ಬಂದು ಹಾಸಿಗೆ ಹಿಡಿದಿದ್ದವಳಿಗೆ, ಕೋಣೆ ಹಾಳಾಗಿದ್ದು ನಿನ್ನಿಂದ ಅಂತ ಕಾಗದ ಹೋಯಿತು.

ಅಷ್ಟರಲ್ಲಿ ಕಲೆ 309ರ ನೆಲಕ್ಕೂ ಹತ್ತಿತ್ತು. ಆ ಸಾಲನ್ನೇ ಬಿಚ್ಚಬೇಕಾಯಿತು. ಮಾಡು ತೆಗೆದು, ಮೇಲಿನ ಮೂರು ಪೆಟ್ಟಿಗೆ ಇಳಿಸಲು ನನ್ನನ್ನೇ ಕರೆದರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಅಪರೂಪಕ್ಕೆ ಬಿಸಿಲಿತ್ತು. ತನಿಖೆಯ ಎಂಜಿನಿಯರ್ ಹಾಲ್ಡಿಸ್ ಅಂತ ಒಬ್ಬಳು ಬಂದಿದ್ದಳು, ಮೂವತ್ತು ದಾಟಿರಲಿಲ್ಲ, ಮರ್ಯಾದಸ್ಥೆ. ಆಸ್ಮುಂಡ್ ಬಂದಿದ್ದ. ಅವನೀಗ ಮೇಸ್ತ್ರಿಯಲ್ಲ, ಅದಕ್ಕೂ ಮೇಲಿನವನು. ಯಾರೂ ಕರೆಯದಿದ್ದರೂ ಹಾಲ್‌ಸ್ಟೈನ್ ಹಳೇ ಕೆಲಸದ ಬಟ್ಟೆ ಹಾಕಿಕೊಂಡು ಬಂದು ಮೂಲೆಯಲ್ಲಿ ನಿಂತಿದ್ದ. ಸೊರಗಿ ಅರ್ಧ ಆಗಿದ್ದ. ನೀನ್ಯಾಕೆ ಬಂದೆ ಮಾವ, ಮನೇಲಿ ಆರಾಮಾಗಿ ಇರಬಾರದಾ ಅಂತ ಆಸ್ಮುಂಡ್ ಕೇಳಿದ್ದು ನನಗೆ ಕೇಳಿಸಿತು.

509, 409 ಇಳಿಸಿದೆ. 309ನ್ನು ಮೇಲೆತ್ತಿದಾಗ 209ರ ನೆತ್ತಿ ಬಯಲಾಯಿತು. ಕ್ಯಾಬಿನ್ನಿನಿಂದ ಮೊದಲು ನೋಡಿದವಳು ನಾನು. ಸುತ್ತಮುತ್ತಲಿನ ಮರಕ್ಕೆಲ್ಲ ಕಪ್ಪು ಬೂಷ್ಟು, ನಡುವೆ ನೇರಳೆ ಬಣ್ಣದ ದೊಡ್ಡ ಅಕ್ಷರ. ಅವನು ಬರೆದದ್ದನ್ನು ನಾನು ನೂರಾರು ಸಲ ಮೇಲಿನಿಂದ ನೋಡಿದ್ದೇನೆ, ಯಾವತ್ತೂ ಬೂದು ಬಣ್ಣ, ಅಷ್ಟು ದೂರಕ್ಕೆ ಕಾಣುವುದೂ ಕಷ್ಟ. 309ನ್ನು ಲಾರಿಯ ಮೇಲಿಟ್ಟು, ಕ್ರೇನ್ ಬಂದ್ ಮಾಡಿ, ಅಟ್ಟಣಿಗೆ ಹತ್ತಿ ನಾನೂ ಮೇಲೆ ಹೋದೆ.

ಹೆಸರು, ತಾರೀಕು, "ಮಳೆ", ಅದರ ಕೆಳಗೆ "ಹದಿನಾಲ್ಕು" ಅನ್ನುವುದು ಅಂಕೆಯಲ್ಲಿ. ಮರಕ್ಕೆ ಸುಳ್ಳು ಹೇಳಬಾರದು ಅನ್ನುತ್ತಿದ್ದವನು ಮರಕ್ಕೂ ಸುಳ್ಳು ಬರೆದಿದ್ದ.

ಹಾಲ್ಡಿಸ್ ಬಗ್ಗಿ ಓದಿದಳು, ಫೋಟೋ ತೆಗೆದುಕೊಂಡಳು. ಅವಳ ಮುಖ ಅರಳಿತು. "ಇದು ನಿನ್ನ ಅಕ್ಷರವಾ? ಇದಕ್ಕಿಂತ ಸಾಕ್ಷಿ ಬೇಕಾ? ಮುಚ್ಚುವಾಗಲೂ ಹದಿನಾಲ್ಕೇ ಇತ್ತು. ಕಾಗದಕ್ಕೂ ಮರಕ್ಕೂ ತಾಳೆ ಆಯ್ತು."

ಆಸ್ಮುಂಡ್ ದೊಡ್ಡದಾಗಿ ಉಸಿರು ಬಿಟ್ಟ. ಮಾವನ ಹೆಗಲ ಮೇಲೆ ಕೈ ಹಾಕಿದ. ಅಷ್ಟಕ್ಕೇ ಮುಗಿದಿತ್ತು. ಕಾಪಿ ಪೆನ್ಸಿಲ್ ಅಂದರೇನು ಅಂತ ಆ ಎಂಜಿನಿಯರಿಗೆ ಗೊತ್ತಿರಲಿಲ್ಲ. ನೇರಳೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾನೆ ಅಂದುಕೊಂಡಿದ್ದಳು. ನೇರಳೆ ಯಾಕೆ ಅಂತ ಗೊತ್ತಿದ್ದವರು ಅಲ್ಲಿ ನಾವು ಮೂರೇ ಜನ. ನಾನು ಹಾಲ್‌ಸ್ಟೈನ್‌ನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ನಾನು ಬಾಯಿ ತೆರೆಯಲಿಲ್ಲ. ಆ ಕ್ಷಣ ನನಗೆ ಆ ಹುಡುಗಿಯ ನೆನಪೂ ಬರಲಿಲ್ಲ, ಮುದುಕ ಬಚಾವಾದನಲ್ಲ ಅನ್ನಿಸಿತು. ನಾಚಿಕೆಗೇಡು, ಆದರೆ ಅನ್ನಿಸಿದ್ದು ಅದೇ.

ಹಾಲ್‌ಸ್ಟೈನ್ ಹೆಗಲ ಮೇಲಿನ ಕೈಯನ್ನು ಮೆತ್ತಗೆ ತೆಗೆದ. ಜೇಬಿನಿಂದ ಪೆನ್ಸಿಲ್ ತೆಗೆದು, ಅಟ್ಟಣಿಗೆಯ ಒಣಗಿದ ಹಲಗೆಯ ಮೇಲೆ ಹದಿನಾಲ್ಕು ಅಂತ ಅಂಕೆ ಬರೆದ. ಬೂದು. ಪಕ್ಕದಲ್ಲಿ ಹಲಗೆಯ ಮೇಲೆ ಉಗುಳಿ, ಬೆರಳಲ್ಲಿ ಸವರಿ, ಅದರ ಮೇಲೆ ಮತ್ತೆ ಹದಿನಾಲ್ಕು ಬರೆದ. ನಾವು ನೋಡನೋಡುತ್ತಿದ್ದಂತೆ ಅದು ನೇರಳೆಯಾಗಿ ಹರಡಿತು.

"ಒದ್ದೆ ಮರದ ಮೇಲೆ ಬರೆದ್ರೆ ಹೀಗಾಗುತ್ತೆ," ಅಂದ.

ಹಾಲ್ಡಿಸ್ ಬಗ್ಗಿ ಎರಡು ಅಂಕೆಗಳನ್ನೂ ನೋಡಿದಳು. ಕೆಟ್ಟವಳಲ್ಲ ಅವಳು, ಮುದುಕನಿಗೆ ದಾರಿ ಬಿಟ್ಟುಕೊಟ್ಟಳು. ಕೋಣೆಯ ತೇವ ಆಮೇಲೆ ಮೇಲೇರಿ ಬಂದು ಅಕ್ಷರ ನೆನೆದಿರಬಹುದಲ್ಲ, ಬರೆದಾಗ ಒಣಗಿಯೇ ಇದ್ದಿರಬಹುದಲ್ಲ ಅಂದಳು. ಹೌದು, ಹಾಗೇ ಆಗಿರೋದು ಅಂತ ಆಸ್ಮುಂಡ್ ಬಾಯಿ ಹಾಕಿದ.

"ಇಲ್ಲ," ಅಂದ ಹಾಲ್‌ಸ್ಟೈನ್. ಮೊಣಕಾಲೂರಿ ಬೆರಳಿಟ್ಟು ತೋರಿಸಿದ. "ಈ ನಾಲ್ಕನ್ನ ನೋಡು. ಎರಡು ನಾಲ್ಕು ಇವೆ, ಒಂದರ ಮೇಲೊಂದು. ಮೊದಲು ಬರೆದದ್ದು ಬರೀತಿರುವಾಗಲೇ ನೇರಳೆ ಆಗಿ ಕಲೆಸಿಹೋಯ್ತು. ಅಂಗೈಯಲ್ಲಿ ಒರೆಸಿದೆ, ಹೋಗಲಿಲ್ಲ. ಅದರ ಮೇಲೇ ಇನ್ನೊಂದು ಸಲ ಒತ್ತಿ ಬರೆದೆ. ಆಮೇಲೆ ನೆಂದಿದ್ರೆ ನಾನು ಎರಡು ಸಲ ಯಾಕೆ ಬರೀತಿದ್ದೆ? ಅವತ್ತು ಇಪ್ಪತ್ತೆರಡು ಇತ್ತು. ಗೊತ್ತಿದ್ದೂ ಸಹಿ ಹಾಕಿದೆ. ಆ ಹುಡುಗಿದು ಏನೂ ತಪ್ಪಿಲ್ಲ. ಬರ್ಕೋ."

ಆ ನಾಲ್ಕು ನಿಮಿಷ. ಪ್ರೇಮಪತ್ರ ಬರೀತಿದೀಯಾ ಅಂತ ನಾನು ಕೂಗುತ್ತಿದ್ದಾಗ ಅವನು ಅಲ್ಲಿ ಅಂಗೈಯಲ್ಲಿ ಆ ನೇರಳೆಯನ್ನು ಒರೆಸುತ್ತಿದ್ದ.

"ಮಾವ, ನನ್ನ ಕತ್ತು ಕುಯ್ದೆಯಲ್ಲ," ಅಂದ ಆಸ್ಮುಂಡ್. ಅವನ ದನಿ ಏರಿರಲಿಲ್ಲ. ಹಾಲ್‌ಸ್ಟೈನ್ ಅವನ ಹೆಸರನ್ನು ಎಲ್ಲೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ, ಸಹಿ ನಂದು ಅಂತಲೇ ಕೊನೆವರೆಗೂ ಹೇಳಿದ. ಆದರೆ ಒಂದು ಎಳೆ ಎಳೆದ ಮೇಲೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲ ಕಡತಗಳನ್ನೂ ತೆಗೆಸಿದರು, ಬೇರೆ ಸಾಲುಗಳಲ್ಲಿ ಇನ್ನೂ ಆರು ಪೆಟ್ಟಿಗೆ ಸಿಕ್ಕವು, ಹಾಲ್‌ಸ್ಟೈನ್ ರಜೆಯಿದ್ದ ದಿನಗಳಲ್ಲಿ ಅವುಗಳ ಕಾಗದಕ್ಕೆ ಸಹಿ ಹಾಕಿದವನು ಆಸ್ಮುಂಡೇ. ಅವನ ಕೆಲಸ ಹೋಯಿತು. ಮಾವನ ಮನೆ ಕಡೆ ಅವನು ಮತ್ತೆ ಕಾಲಿಡಲಿಲ್ಲ. ತಂಗಿ ಮಗನನ್ನು ಹಿಡಿದುಕೊಟ್ಟ ಅಂತ ಹೇಳುವವರಿಗೆ ಇಷ್ಟು ಗೊತ್ತಿರಲಿ.

ಸುನ್ನಿವಾಗೆ ಕಚೇರಿಯಿಂದ ಇನ್ನೊಂದು ಕಾಗದ ಹೋಯಿತು, ಹಿಂದಿನ ಕಾಗದ ರದ್ದಾಗಿದೆ ಅಂತ. ಮೂರೇ ಸಾಲು.

ಮುಂದಿನ ವರ್ಷ ಮೇ ತಿಂಗಳಲ್ಲಿ ಹಾಲ್‌ಸ್ಟೈನ್ ನನ್ನ ಮನೆಗೆ ಬಂದು, ಉತ್ತರಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೀಯಾ, ನನ್ನ ಕಣ್ಣು ಮೊದಲಿನ ಹಾಗಿಲ್ಲ ಅಂತ ಕೇಳಿದ. ಎರಡು ದಿನದ ದಾರಿ. ಆ ಹಾಸ್ಟೆಲ್ಲಿಗೆ ಯಾಕೆ ಸೇರಿಕೊಂಡ ಅನ್ನುವುದನ್ನು ಆ ದಾರಿಯಲ್ಲೇ ಹೇಳಿದ್ದು. ಮರ ತಾನಾಗಿ ಒಣಗಬಹುದು ಅಂತ ಆಸೆ ಇತ್ತಂತೆ. ಪ್ರತಿ ಸಲ ಆ ಕೋಣೆಗೆ ಹೋದಾಗ ಮೂಲೆಗೆ ಮೊಳೆ ಚುಚ್ಚಿ ನೋಡುತ್ತಿದ್ದನಂತೆ. ಒಂದು ವಾರ ಇಪ್ಪತ್ತೊಂದಕ್ಕೆ ಇಳಿದಾಗ ಖುಷಿಯಿಂದ ಎರಡು ವಾಫಲ್ ಜಾಸ್ತಿ ತಿಂದನಂತೆ. ಮುಂದಿನ ವಾರ ಇಪ್ಪತ್ಮೂರು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು ಸುಮ್ಮನೆ ಕೂತು ಬೈಸಿಕೊಂಡ. ಬೈದು ಸುಸ್ತಾದ ಮೇಲೆ, ಚಪ್ಪರದ ಪಕ್ಕದಲ್ಲಿ ಬ್ರೆಡ್ಡು ತಿನ್ನುತ್ತಿದ್ದದ್ದು ನೆನಪಾಗಿ ನಾನೂ ಸುಮ್ಮನಾದೆ.

ಸಮುದ್ರದ ದಂಡೆಯ ಮೇಲೆ ಹಳದಿ ಬಣ್ಣದ ಮರದ ಮನೆ. ಅವಳೇ ಬಾಗಿಲು ತೆಗೆದಳು. ಇಪ್ಪತ್ಮೂರರ ಹುಡುಗಿ, ಮೂಗಿನ ಕೆಳಗೆ ಸಣ್ಣ ಕೊಳವೆ, ಪಕ್ಕದಲ್ಲಿ ಗಾಲಿಯ ಮೇಲೆ ಉಸಿರಿನ ಯಂತ್ರ. ಒಳಗೆ ಬನ್ನಿ ಅನ್ನಲಿಲ್ಲ. ಹಾಲ್‌ಸ್ಟೈನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದ. ಅಂಚಿಗೆ ಚುಚ್ಚಿದ್ದು, ಸಹಿ, ಎರಡು ನಾಲ್ಕು. ಕ್ಷಮಿಸು ಅಂತ ಕೇಳಲಿಲ್ಲ, ಕೇಳೋದಕ್ಕೆ ಬಂದಿಲ್ಲ ಅಂತ ಮಾತ್ರ ಅಂದ. ಅವಳು ಕೊನೆವರೆಗೂ ಕೇಳಿಸಿಕೊಂಡಳು.

"ನೀನು ಗುರುವಾರ ಬಂದು ಬಕೆಟ್ ಎತ್ಕೊಂಡು ಹೋಗ್ತಿದ್ದೆ," ಅಂದಳು. ಎರಡು ಮಾತಿಗೆ ಒಂದು ಸಲ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. "ಆ ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಿತ್ತು ನಿಂಗೆ. ಅದನ್ನ ಚೆಲ್ಲಿ ಬಂದು ನನ್ನೆದುರಿಗೇ ಕೂತ್ಕೊಂಡು ತಿಂತಿದ್ದೆ. ಆಗ ನಿನ್ನ ಮನಸ್ಸಲ್ಲಿ ಏನು ಓಡ್ತಿತ್ತು? ಅದೊಂದು ಹೇಳು."

ಹಾಲ್‌ಸ್ಟೈನ್ ತಲೆ ಎತ್ತಿ ಅವಳನ್ನು ನೋಡಿದ. ಅವನ ಕೆಳದುಟಿಯ ಚುಕ್ಕೆ ಆಗಲೇ ಮಾಸಿಹೋಗಿತ್ತು, ಆ ಸೆಪ್ಟೆಂಬರಿನಿಂದ ಅವನು ಪೆನ್ಸಿಲ್ ಮುಟ್ಟಿರಲಿಲ್ಲ.

"ಇದೊಂದು ವಾರ ಹೋಗ್ಲಿ, ಮುಂದಿನ ವಾರ ಹೇಳೋಣ ಅಂದ್ಕೊಳ್ತಿದ್ದೆ," ಅಂದ.

ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು. ಧಡಾರ್ ಅಂತಲ್ಲ, ಮೆಲ್ಲಗೆ. ಹಳೇ ಮರದ ಮನೆ, ಗೋಡೆ ತೆಳು. ಒಳಗೆ ಅವಳು ಮೆಟ್ಟಿಲು ಹತ್ತುವುದು ನಮಗೆ ಕೇಳಿಸುತ್ತಿತ್ತು, ಎರಡು ಮೆಟ್ಟಿಲು, ಕೆಮ್ಮು, ಮತ್ತೆ ಎರಡು ಮೆಟ್ಟಿಲು. ಹೊರಡೋಣ ಅಂತ ನಾನು ಅವನ ತೋಳು ಹಿಡಿದೆ. ಅವಳು ಮೇಲೆ ತಲುಪೋವರೆಗೂ ಇರ್ತೀನಿ ಅಂತ ಅವನು ಅಲ್ಲೇ ನಿಂತ. ಹದಿನಾಲ್ಕು ಮೆಟ್ಟಿಲು ಇದ್ದವು.